ಅನಿಲದ ಮುಸುಕು ಮತ್ತು ಯಾದಗಿರಿಯ ತರಗತಿ

ಭಾರತದ ಮೊದಲ ಖಗೋಳ ವೀಕ್ಷಣಾ ಉಪಗ್ರಹ ‘ಆಸ್ಟ್ರೋಸ್ಯಾಟ್’ 2025ರ ಸೆಪ್ಟೆಂಬರ್ 28ಕ್ಕೆ ಉಡಾವಣೆಯ ಹತ್ತು ವರ್ಷ ಪೂರೈಸಿತು. ಐದು ವರ್ಷಗಳ ಆಯುಷ್ಯಕ್ಕೆಂದು ರೂಪಿಸಿದ ಉಪಗ್ರಹ ಅದನ್ನು ಮೀರಿ ದುಡಿದದ್ದು ಶ್ಲಾಘನೀಯ ಎಂಬುದರಲ್ಲಿ ಎರಡು ಮಾತಿಲ್ಲ. ಅದು ಕಲೆಹಾಕಿದ ದತ್ತಾಂಶದ ಭಂಡಾರವನ್ನು ಇಸ್ರೊ 2018ರ ಸೆಪ್ಟೆಂಬರ್‌ನಲ್ಲಿಯೇ ಸಾರ್ವಜನಿಕರಿಗೆ ತೆರೆದಿದೆ. ಯಾದಗಿರಿ, ಶಹಾಪುರ, ಸುರಪುರಗಳ ಬಿ.ಎಸ್ಸಿ ವಿದ್ಯಾರ್ಥಿಗೂ ಅದರ ಮೇಲೆ ಸಮಾನ ಹಕ್ಕಿದೆ. ಆ ಹಕ್ಕನ್ನು ಚಲಾಯಿಸುವ ಬಗೆಯನ್ನು ಕಲಿಸುವವರು ಮಾತ್ರ ವಿರಳ.

ಆ ಭಂಡಾರದಲ್ಲಿ ಏನಿದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ದೊಡ್ಡ ಗ್ಯಾಲಕ್ಸಿಗಳ ನಡುವೆ ಸೂರ್ಯನ ಲಕ್ಷಾಂತರ, ಕೋಟ್ಯಂತರ ಪಟ್ಟು ತೂಕದ ಕೃಷ್ಣರಂಧ್ರಗಳಿವೆ. ಕೆಲವು ಸುತ್ತಲಿನ ಅನಿಲವನ್ನು ಸೆಳೆದು ನುಂಗುವಾಗ ಆ ಅನಿಲ ಕಾದು ಪ್ರಖರವಾಗಿ ಬೆಳಗುತ್ತದೆ. ಆದರೆ ಇಂಥ ಕೇಂದ್ರಗಳಲ್ಲಿ ಹೆಚ್ಚಿನವು ಅನಿಲ, ದೂಳಿನ ದಟ್ಟ ಮುಸುಕಿನಲ್ಲಿ ಅಡಗಿವೆ. ಸಾಮಾನ್ಯ ದೂರದರ್ಶಕ ಅಲ್ಲಿ ಸೋಲುತ್ತದೆ. ನೆರವಿಗೆ ಬರುವುದು ಕ್ಷ-ಕಿರಣ. ಆಸ್ಪತ್ರೆಯ ಎಕ್ಸರೆಯಲ್ಲಿ ಕಿರಣ ಮಾಂಸವನ್ನು ದಾಟುತ್ತದೆ, ಮೂಳೆ ಅದನ್ನು ತಡೆಯುತ್ತದೆ. ವೈದ್ಯರು ಓದುವುದು ಆ ತಡೆಯ ನೆರಳನ್ನೇ. ಇಲ್ಲಿಯೂ ಹಾಗೆಯೇ. ಕಡಿಮೆ ಶಕ್ತಿಯ ಕಿರಣಗಳನ್ನು ಅನಿಲ ನುಂಗುತ್ತದೆ, ಹೆಚ್ಚು ಶಕ್ತಿಯವು ತೂರಿ ಬರುತ್ತವೆ. ರೋಹಿತದಲ್ಲಿ ಎಷ್ಟು ಭಾಗ ಕಾಣೆಯಾಗಿದೆ ಎಂದು ಅಳೆದರೆ ಮುಸುಕಿನ ದಪ್ಪ ತಿಳಿಯುತ್ತದೆ. ಮುಸುಕು ಅತಿ ದಟ್ಟವಾಗಿದ್ದರೆ ಶಕ್ತಿಯುತ ಕಿರಣಗಳೂ ಬಹುಪಾಲು ಅಲ್ಲೇ ಚದುರಿಹೋಗುತ್ತವೆ. ಎನ್‌ಜಿಸಿ 1068 ಎಂಬ ಗ್ಯಾಲಕ್ಸಿಯದು ಅಂಥದೇ ಸ್ಥಿತಿ. ಆದರೂ 2014ರ ಆಗಸ್ಟ್‌ನಲ್ಲಿ ಅಮೆರಿಕದ ‘ನುಸ್ಟಾರ್’ ಉಪಗ್ರಹಕ್ಕೆ ಅದರ ಶಕ್ತಿಯುತ ಕಿರಣಗಳು ತುಸು ಹೆಚ್ಚಾಗಿ ಕಂಡವು. ಮೋಡಗಳ ನಡುವೆ ಕೆಲಕಾಲ ಸಂದು ಬಿಟ್ಟಿತ್ತು ಎಂದು ವಿಜ್ಞಾನಿಗಳು ಅರ್ಥೈಸಿದರು. ಮುಸುಕು ಒಂದೇ ಗೋಡೆಯಲ್ಲ, ಅಲೆದಾಡುವ ಮೋಡಗಳ ಗುಂಪು ಎಂಬ ವಾದಕ್ಕೆ ಇದರಿಂದ ಬಲ ಬಂತು.

ಇಂಥ ಅಧ್ಯಯನಕ್ಕೆ ಕಡಿಮೆ ಮತ್ತು ಹೆಚ್ಚು ಶಕ್ತಿಯ ಕಿರಣಗಳನ್ನು ಏಕಕಾಲಕ್ಕೆ ಅಳೆಯಬೇಕು. ಒಂದೇ ವೇದಿಕೆಯ ಮೇಲೆ ಎರಡಕ್ಕೂ ಉಪಕರಣ ಹೊತ್ತಿರುವುದೇ ಆಸ್ಟ್ರೋಸ್ಯಾಟ್‌ನ ಹೆಚ್ಚುಗಾರಿಕೆ. ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ ಸಿದ್ಧವಾದ ‘ಆರ್ಯಭಟ’ 1975ರಲ್ಲಿಯೇ ಕ್ಷ-ಕಿರಣ ಪ್ರಯೋಗವನ್ನು ಹೊತ್ತೊಯ್ದಿತ್ತು. ವಿದ್ಯುತ್ ದೋಷದಿಂದ ಕೆಲವೇ ದಿನಗಳಲ್ಲಿ ಅದು ನಿಂತಿತು. 2024ರ ಜನವರಿ 1ರಂದು ಹಾರಿದ ‘ಎಕ್ಸ್‌ಪೊಸ್ಯಾಟ್‌’ನ ಪ್ರಧಾನ ಉಪಕರಣ ರಾಮನ್ ಸಂಶೋಧನಾ ಸಂಸ್ಥೆಯದು. ರಾಜಧಾನಿಗೆ ಈ ವಿದ್ಯೆ ಐದು ದಶಕಗಳಷ್ಟು ಹಳೆಯದು, ಐನೂರು ಕಿ.ಮೀ. ಉತ್ತರಕ್ಕೆ ಅದರ ಸುಳಿವೇ ಅಪರೂಪ.

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಕಡೆಯ ಸ್ಥಾನ ಪಡೆದ ಜಿಲ್ಲೆಗೆ ಕೃಷ್ಣರಂಧ್ರದ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯಲ್ಲಿ ಕಾಳಜಿಗಿಂತ ತಾತ್ಸಾರವೇ ಹೆಚ್ಚು. ತೇರ್ಗಡೆಯಾದವರಿಗೂ ಕಾಲೇಜಿನಲ್ಲಿ ದೊರೆಯುವುದು ವರ್ಷಾವಧಿಯ ಅತಿಥಿ ಉಪನ್ಯಾಸಕರಾದರೆ, ಎರಡು-ಮೂರು ವರ್ಷ ವಿದ್ಯಾರ್ಥಿಯ ಬೆನ್ನಿಗೆ ನಿಂತು ಇಂಥ ಕೆಲಸ ಕಲಿಸುವವರು ಯಾರು?

ಇದಕ್ಕೆ ದೂರದರ್ಶಕವಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ. ದತ್ತಾಂಶದಂತೆ ತಂತ್ರಾಂಶವೂ ಉಚಿತ. ಬೇಕಾದದ್ದು ಕೆಲವು ಗಣಕಯಂತ್ರ, ನೆಚ್ಚಬಹುದಾದ ಅಂತರ್ಜಾಲ, ಕನ್ನಡದಲ್ಲೊಂದು ಕೈಪಿಡಿ, ಭೌತವಿಜ್ಞಾನಕ್ಕೆ ಕಾಯಂ ಅಧ್ಯಾಪಕರು. 371ಜೆ ವಿಧಿಯಡಿ ಈ ಭಾಗಕ್ಕೆ ಮೀಸಲಾದ ಅನುದಾನದ ಸಣ್ಣದೊಂದು ಪಾಲು ಸಾಕಾದೀತು. ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮುನ್ನ ಉನ್ನತ ಶಿಕ್ಷಣ ಇಲಾಖೆ ಬೆಂಗಳೂರಿನ ಸಂಶೋಧನಾ ಸಂಸ್ಥೆಗಳನ್ನೂ ರಾಯಚೂರಿನ ವಿಶ್ವವಿದ್ಯಾಲಯವನ್ನೂ ಕೂಡಿಸಿ ಮಾತನಾಡಲಿ. ಮೊದಲ ಕಾರ್ಯಾಗಾರ ಸುರಪುರದಲ್ಲೇ ನಡೆಯಲಿ.