ಏರ್‌ಲೈನೋ, ಕಾರ್ಪೊರೇಟ್ ವಿಮಾನವೋ: ಹೊಸ ಪೈಲಟ್‌ಗಳ ಮುಂದಿರುವ ಕವಲುದಾರಿ

ಎಚ್.ಡಿ. ಕೋಟೆ ತಾಲ್ಲೂಕಿನ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ ಹತ್ತಿದರೆ ಗಂಟೆ, ಒಂದೂವರೆ ಗಂಟೆಯಲ್ಲಿ ಮೈಸೂರು. ಅಲ್ಲಿಂದ ನಂಜನಗೂಡು ರಸ್ತೆಯ ಮಂಡಕಳ್ಳಿ ವಿಮಾನ ನಿಲ್ದಾಣ ದೂರವೇನಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ್ದೇ ವೈಮಾನಿಕ ತರಬೇತಿ ಶಾಲೆಯಿದೆ. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆಯ ಹುಡುಗನೋ ಹುಡುಗಿಯೋ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿ ಪೈಲಟ್ ಆಗುತ್ತೇನೆ ಎಂದರೆ ಅದು ಆಗದ ಮಾತೆಂದು ತಳ್ಳಿಹಾಕುವ ಕಾಲ ಮುಗಿದಿದೆ. ಆದರೆ ಲೈಸೆನ್ಸ್ ಸಿಕ್ಕ ಮೇಲೆ ಏರ್‌ಲೈನ್ ಸೇರಬೇಕೋ, ಉದ್ಯಮ ಸಂಸ್ಥೆಗಳ ಖಾಸಗಿ ವಿಮಾನ ಮತ್ತು ಚಾರ್ಟರ್ ವಿಮಾನಗಳ ಕಡೆ ಹೋಗಬೇಕೋ ಎಂಬ ಪ್ರಶ್ನೆಯನ್ನು ನಮ್ಮ ಮನೆಗಳಲ್ಲಿ ಸಮಾಧಾನದಿಂದ ತೂಗಿ ನೋಡುವುದು ಕಡಿಮೆ. ಎರಡೂ ದಾರಿಗಳಿಗೆ ಅನುಭವಿಗಳ ಬೆಂಬಲವಿದೆ, ಎರಡಕ್ಕೂ ಗಟ್ಟಿ ಕಾರಣಗಳಿವೆ.

ಇದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ. ವಾಣಿಜ್ಯ ಪೈಲಟ್ ಲೈಸೆನ್ಸ್ ಪಡೆಯಲು 200 ಗಂಟೆಗಳ ಹಾರಾಟ ಬೇಕು. ಅದಕ್ಕೆ ಸಾಮಾನ್ಯವಾಗಿ ಅರ್ಧ ಕೋಟಿ ರೂಪಾಯಿಯ ಆಸುಪಾಸು ಖರ್ಚಾಗುತ್ತದೆ. ಏರ್‌ಬಸ್ ಎ320ಯಂಥ ನಿರ್ದಿಷ್ಟ ವಿಮಾನ ಹಾರಿಸಲು ಬೇಕಾದ ಟೈಪ್ ರೇಟಿಂಗ್‌ಗೆ ಮತ್ತೆ ಹಲವು ಲಕ್ಷ ಹೊಂದಿಸಬೇಕು. ತಂಬಾಕಿನ ಹರಾಜಿನಲ್ಲಿ ಬಂದ ಹಣವನ್ನೋ ಭತ್ತದ ಗದ್ದೆಯ ಆದಾಯವನ್ನೋ ನಂಬಿದ ಕುಟುಂಬಕ್ಕೆ ಇದು ಜಮೀನು ಅಡವಿಡುವಷ್ಟು ದೊಡ್ಡ ಮೊತ್ತ. ಆದ್ದರಿಂದ ಮೊದಲ ಕೆಲಸದ ಆಯ್ಕೆ ಮಗನ ಅಥವಾ ಮಗಳ ವೃತ್ತಿಯನ್ನಷ್ಟೇ ಅಲ್ಲ, ಇಡೀ ಮನೆಯ ಹತ್ತು ವರ್ಷಗಳ ಲೆಕ್ಕವನ್ನು ನಿರ್ಧರಿಸಬಲ್ಲದು.

ಏರ್‌ಲೈನ್ ಪರವಾಗಿ ಹೇಳಬಹುದಾದ ಮೊದಲ ಮಾತು ಅವಕಾಶಗಳ ಸಂಖ್ಯೆಗೆ ಸಂಬಂಧಿಸಿದ್ದು. 2023ರಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೂ ಇಂಡಿಗೋ 500 ವಿಮಾನಗಳಿಗೂ ಬೇಡಿಕೆ ಘೋಷಿಸಿದವು. ಇಷ್ಟೊಂದು ವಿಮಾನಗಳು ಒಂದೊಂದಾಗಿ ಬರುವಾಗ ಹೊಸ ಪೈಲಟ್‌ಗಳನ್ನು ಗುಂಪುಗುಂಪಾಗಿ ನೇಮಿಸಿಕೊಳ್ಳುವ ಶಕ್ತಿ ದೊಡ್ಡ ಏರ್‌ಲೈನ್‌ಗಳಿಗೆ ಮಾತ್ರ ಇದೆ. ಎರಡನೆಯದು ವೃತ್ತಿಯ ಏಣಿ. ದಿನಕ್ಕೆ ಮೂರು ನಾಲ್ಕು ಸೆಕ್ಟರ್ ಹಾರುವ ಫಸ್ಟ್ ಆಫೀಸರ್‌ಗೆ, ಅಂದರೆ ಸಹ-ಪೈಲಟ್‌ಗೆ, ಹಾರಾಟದ ಗಂಟೆಗಳು ಬೇಗ ಕೂಡುತ್ತವೆ. 1500 ಗಂಟೆ ದಾಟಿ, ಪರೀಕ್ಷೆಗಳನ್ನು ಮುಗಿಸಿದರೆ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸ್ ಪಡೆದು ಕ್ಯಾಪ್ಟನ್ ಹುದ್ದೆಯತ್ತ ನೋಡಬಹುದು. ಮೂರನೆಯದು, ಬಹುಶಃ ಎಲ್ಲಕ್ಕಿಂತ ಮುಖ್ಯವಾದದ್ದು, ಶಿಸ್ತು. ಸಿಮ್ಯುಲೇಟರ್‌ನಲ್ಲಿ ನಿಯಮಿತ ಪರೀಕ್ಷೆ, ಪ್ರತಿ ಹಾರಾಟದ ದತ್ತಾಂಶದ ಪರಿಶೀಲನೆ, ಬರೆದಿಟ್ಟ ಕಾರ್ಯವಿಧಾನ ಇವೆಲ್ಲ ಹೊಸ ಪೈಲಟ್‌ನ ಕೈಯನ್ನು ಪಳಗಿಸುತ್ತವೆ. ನಾಲ್ಕನೆಯದು ಮಹಿಳೆಯರ ಅನುಕೂಲ. ಭಾರತದಲ್ಲಿ ಮಹಿಳಾ ಪೈಲಟ್‌ಗಳ ಪ್ರಮಾಣ ಜಗತ್ತಿನ ಸರಾಸರಿಗಿಂತ ಸಾಕಷ್ಟು ಹೆಚ್ಚು. ಹೆರಿಗೆ ರಜೆ, ಬದಲಿ ಸಿಬ್ಬಂದಿ, ರಾತ್ರಿ ಪಾಳಿಗೆ ಮನೆಯಿಂದ ವಾಹನ ಇಂಥವನ್ನು ದೊಡ್ಡ ಸಂಸ್ಥೆ ಒದಗಿಸುವಷ್ಟು ಸುಲಭವಾಗಿ ಎರಡು ವಿಮಾನಗಳ ಸಂಸ್ಥೆ ಒದಗಿಸಲಾರದು ಎಂಬ ವಾದಕ್ಕೂ ತೂಕವಿದೆ.

ಇದಕ್ಕೆ ಎದುರಾದ ವಾದವೂ ಹಗುರವಲ್ಲ. ಏರ್‌ಲೈನ್‌ನಲ್ಲಿ ಕೆಲಸದ ಪಾಳಿ ಗೊತ್ತುಮಾಡುವ ರೋಸ್ಟರ್ ಒಂದು ವ್ಯವಸ್ಥೆ ನಿಜ, ಆದರೆ ಅದು ಪೈಲಟ್‌ನನ್ನು ನಿಯಮದ ಮಿತಿಯ ಅಂಚಿನವರೆಗೂ ದುಡಿಸಬಲ್ಲ ವ್ಯವಸ್ಥೆ ಕೂಡ. ನಸುಕಿನ ಮೂರಕ್ಕೆ ಎದ್ದು ಕೆಲಸಕ್ಕೆ ಹೊರಡುವುದು, ಮರುವಾರ ರಾತ್ರಿಯಿಡೀ ಹಾರುವುದು ದೇಹವನ್ನು ದಣಿಸುತ್ತದೆ. ಈ ದಣಿವನ್ನು ತಗ್ಗಿಸಲೆಂದೇ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 2024ರ ಜನವರಿಯಲ್ಲಿ ಹೊಸ ನಿಯಮ ತಂದು ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿತು, ರಾತ್ರಿ ಲ್ಯಾಂಡಿಂಗ್‌ಗಳ ಮಿತಿಯನ್ನು ಆರರಿಂದ ಎರಡಕ್ಕೆ ಇಳಿಸಿತು. ಅದರ ಎರಡನೇ ಹಂತ 2025ರ ನವೆಂಬರ್‌ನಲ್ಲಿ ಜಾರಿಯಾಯಿತು. ಅದಕ್ಕೆ ತಕ್ಕಂತೆ ಪೈಲಟ್‌ಗಳನ್ನು ಹೊಂದಿಸಲಾಗದೆ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋ ಸಾವಿರಾರು ಹಾರಾಟಗಳನ್ನು ರದ್ದು ಮಾಡಬೇಕಾಯಿತು, ನಿಯಮವನ್ನು ತಾತ್ಕಾಲಿಕವಾಗಿ ಸಡಿಲಿಸಲಾಯಿತು. ಪೈಲಟ್‌ನ ನಿದ್ರೆಯ ಲೆಕ್ಕ ಎಷ್ಟು ಬಿಗಿಯಾದ ಹಗ್ಗದ ಮೇಲೆ ನಡೆಯುತ್ತಿದೆ ಎಂಬುದನ್ನು ಆ ವಾರ ಪ್ರಯಾಣಿಕರೂ ಕಂಡರು.

ಮಂಗಳೂರಿನ ದುರಂತವನ್ನು ಕನ್ನಡಿಗರು ಮರೆಯಲಾರರು. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಸತ್ತರು. ಕ್ಯಾಪ್ಟನ್ ಹಾರಾಟದ ನಡುವೆ ದೀರ್ಘ ಹೊತ್ತು ನಿದ್ರಿಸಿದ್ದರೆಂದೂ, ಅಸ್ಥಿರವಾದ ಇಳಿತವನ್ನು ಕೈಬಿಡುವಂತೆ ಫಸ್ಟ್ ಆಫೀಸರ್ ಸೂಚಿಸಿದರೂ ಮುಂದುವರಿಸಿದರೆಂದೂ ತನಿಖಾ ವರದಿ ಹೇಳಿತು. ದೊಡ್ಡ ಸಂಸ್ಥೆ, ಬರೆದಿಟ್ಟ ವಿಧಾನ, ಇಬ್ಬರು ಪೈಲಟ್‌ಗಳು ಎಲ್ಲವೂ ಇದ್ದೂ ನಡೆದ ಅವಘಡವಿದು. ಏರ್‌ಲೈನ್ ಎಂಬ ಹೆಸರೊಂದೇ ರಕ್ಷೆಯಲ್ಲ ಎನ್ನುವವರಿಗೆ ಇದಕ್ಕಿಂತ ಗಟ್ಟಿಯಾದ ಉದಾಹರಣೆ ಬೇಕಿಲ್ಲ. ಜೊತೆಗೆ, ಕೆಲಸ ಬಿಡಬೇಕೆಂದರೆ 2017ರ ನಿಯಮದ ಪ್ರಕಾರ ಫಸ್ಟ್ ಆಫೀಸರ್ ಆರು ತಿಂಗಳು, ಕ್ಯಾಪ್ಟನ್ ಒಂದು ವರ್ಷ ಮುಂಚಿತವಾಗಿ ತಿಳಿಸಬೇಕು. ಒಂದು ಏರ್‌ಲೈನ್‌ನಲ್ಲಿ ಗಳಿಸಿದ ಸೇವಾ ಹಿರಿತನ ಇನ್ನೊಂದರಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ.

ಕಾರ್ಪೊರೇಟ್ ಹಾರಾಟವನ್ನು ಮೆಚ್ಚುವವರು ಮೊದಲು ಹೇಳುವುದು ಕೆಲಸದ ಪೂರ್ಣತೆಯನ್ನು. ಏರ್‌ಲೈನ್‌ನಲ್ಲಿ ಹವಾಮಾನ, ಇಂಧನ, ಮಾರ್ಗ ಎಲ್ಲವನ್ನೂ ಬೇರೊಂದು ವಿಭಾಗ ಸಿದ್ಧಮಾಡಿ ಕೊಡುತ್ತದೆ. ಚಾರ್ಟರ್ ಪೈಲಟ್ ಅದರಲ್ಲಿ ಬಹುಪಾಲನ್ನು ತಾನೇ ಮಾಡಬೇಕು. ಇವತ್ತು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ತೋರಣಗಲ್ಲಿನ ಜಿಂದಾಲ್ ನಿಲ್ದಾಣಕ್ಕೆ, ನಾಳೆ ಕೊಪ್ಪಳದ ಬಲ್ದೋಟಾ ಏರ್‌ಸ್ಟ್ರಿಪ್‌ಗೆ, ನಾಡಿದ್ದು ಹೊರದೇಶಕ್ಕೆ ಎಂಬಂತೆ ತಾಣಗಳು ಬದಲಾಗುತ್ತವೆ. ಉಕ್ಕು, ಅದಿರಿನ ಉದ್ಯಮಗಳು ಊರಿನಿಂದ ದೂರದಲ್ಲಿ ಸ್ವಂತ ರನ್‌ವೇ ಕಟ್ಟಿಕೊಂಡದ್ದೇ ಈ ಬಗೆಯ ಹಾರಾಟದ ಅಗತ್ಯಕ್ಕಾಗಿ. ಚಿಕ್ಕ ರನ್‌ವೇ, ಕಡಿಮೆ ಸೌಲಭ್ಯ, ಹೊಸ ನೆಲ ಇವೆಲ್ಲ ಪೈಲಟ್‌ನ ವಿವೇಚನೆಯನ್ನು ಬೆಳೆಸುತ್ತವೆ ಎಂಬುದು ಒಪ್ಪಬೇಕಾದ ಮಾತು. ವರ್ಷದ ಒಟ್ಟು ಹಾರಾಟದ ಗಂಟೆಗಳು ಸಾಮಾನ್ಯವಾಗಿ ಕಡಿಮೆ. ಒಳ್ಳೆಯ ಸಂಸ್ಥೆಯಲ್ಲಿ ಪೈಲಟ್‌ಗೆ ಹೆಸರಿರುತ್ತದೆ, ಮಾತಿಗೆ ಬೆಲೆಯಿರುತ್ತದೆ.

ಆದರೆ ಹಾರಾಟದ ಗಂಟೆ ಕಡಿಮೆ ಎಂದರೆ ಕಾಯುವ ಗಂಟೆ ಹೆಚ್ಚು ಎಂದೂ ಅರ್ಥ. ಫೋನ್ ಯಾವಾಗ ಬರುತ್ತದೋ ಗೊತ್ತಿಲ್ಲ. ಊರಿನ ಜಾತ್ರೆಗೋ ತಂಗಿಯ ಮದುವೆಗೋ ಹೊರಟವನು ಅರ್ಧ ದಾರಿಯಿಂದ ಹಿಂತಿರುಗಬೇಕಾದೀತು. ಇನ್ನೂ ಸೂಕ್ಷ್ಮವಾದದ್ದು ಒತ್ತಡದ ಪ್ರಶ್ನೆ. ಹಿಂದಿನ ಆಸನದಲ್ಲಿ ಕೂತವರು ಸಂಬಳ ಕೊಡುವ ಮಾಲೀಕರೇ ಆಗಿದ್ದು, ಅವರಿಗೆ ಸಭೆಗೆ ತಡವಾಗುತ್ತಿದ್ದರೆ, ಮೋಡ ಕವಿದಿದೆ, ಈಗ ಹೊರಡುವುದು ಬೇಡ ಎನ್ನಲು ಮೂವತ್ತು ವರ್ಷದೊಳಗಿನ ಪೈಲಟ್‌ಗೆ ಅಸಾಧಾರಣ ಧೈರ್ಯ ಬೇಕು. ಬಹಳಷ್ಟು ಮಾಲೀಕರು ಆ ಮಾತಿಗೆ ಮನ್ನಣೆ ಕೊಡುತ್ತಾರೆ. ಆದರೂ ಏರ್‌ಲೈನ್ ಪೈಲಟ್ ಹಾಗೆಂದಾಗ ಅವನ ಹಿಂದೆ ಇಡೀ ಸಂಸ್ಥೆಯ ಕೈಪಿಡಿ ನಿಲ್ಲುತ್ತದೆ, ಚಾರ್ಟರ್ ಪೈಲಟ್ ಹಲವು ಬಾರಿ ಒಬ್ಬನೇ ನಿಲ್ಲಬೇಕಾಗುತ್ತದೆ. 2004ರ ಏಪ್ರಿಲ್ 17ರಂದು ಚುನಾವಣಾ ಪ್ರಚಾರಕ್ಕೆಂದು ಜಕ್ಕೂರಿನಿಂದ ಹೊರಟ ಚಿಕ್ಕ ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ಬಿದ್ದು ನಟಿ ಸೌಂದರ್ಯ ಸೇರಿ ನಾಲ್ವರು ತೀರಿಕೊಂಡರು. ಒಂದು ಘಟನೆಯಿಂದ ಇಡೀ ಕ್ಷೇತ್ರವನ್ನು ಅಳೆಯುವುದು ನ್ಯಾಯವಲ್ಲ. ಆದರೆ ನಿಗದಿತ ಏರ್‌ಲೈನ್ ಸೇವೆಗಿಂತ ಚಿಕ್ಕ ವಿಮಾನಗಳ ಹಾರಾಟದಲ್ಲಿ ಅಪಘಾತದ ಪ್ರಮಾಣ ಹೆಚ್ಚೆಂಬುದು ಜಗತ್ತಿನೆಲ್ಲೆಡೆಯ ಅನುಭವ.

ಇನ್ನು ಕೆಲಸದ ಭದ್ರತೆ. ದೊಡ್ಡದು ಉಳಿಯುತ್ತದೆ, ಚಿಕ್ಕದು ಮುಳುಗುತ್ತದೆ ಎಂದು ಸುಲಭವಾಗಿ ಹೇಳಲು ಕರ್ನಾಟಕದ ಚರಿತ್ರೆ ಬಿಡುವುದಿಲ್ಲ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಸೇನೆಯಿಂದ ಬಂದು, ಬೇಸಾಯ ಮಾಡಿ, ಆಮೇಲೆ ಹೆಲಿಕಾಪ್ಟರ್ ಚಾರ್ಟರ್ ಸಂಸ್ಥೆ ಕಟ್ಟಿದರು. ಅದೇ ನೆಲೆಯ ಮೇಲೆ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ ಸಾಮಾನ್ಯರಿಗೂ ವಿಮಾನದ ಟಿಕೆಟ್ ಕೈಗೆಟುಕುವಂತೆ ಮಾಡಿದರು. ಆ ಏರ್‌ಲೈನ್ ಕಿಂಗ್‌ಫಿಷರ್‌ನಲ್ಲಿ ಲೀನವಾಯಿತು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್‌ನ ಪರವಾನಗಿ ಅಮಾನತಾಗುವ ಹೊತ್ತಿಗೆ ಪೈಲಟ್‌ಗಳು ತಿಂಗಳುಗಟ್ಟಲೆ ಸಂಬಳ ಕಂಡಿರಲಿಲ್ಲ. ಚಾರ್ಟರ್ ವ್ಯವಹಾರ ಮಾತ್ರ ಡೆಕ್ಕನ್ ಹೆಸರಿನಲ್ಲಿ ಬೇರೆಯಾಗಿ ಉಳಿಯಿತು. ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ನಿಂತವು.

ಹಾಗೆಂದು ಚಾರ್ಟರ್ ಸುರಕ್ಷಿತ ಎಂಬ ತೀರ್ಮಾನಕ್ಕೂ ಹಾರಬಾರದು. ಉದ್ಯಮಕ್ಕೆ ನಷ್ಟ ಬಂದಾಗ ಮೊದಲು ಮಾರಾಟಕ್ಕೆ ಬರುವ ಆಸ್ತಿಗಳಲ್ಲಿ ಖಾಸಗಿ ವಿಮಾನವೂ ಒಂದು. ಅದರ ಜೊತೆ ಪೈಲಟ್‌ನ ಕೆಲಸವೂ ಹೋಗಬಹುದು. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು: ಏರ್‌ಲೈನ್ ಮುಳುಗಿದಾಗ ಎ320 ರೇಟಿಂಗ್ ಇರುವವರಿಗೆ ಬೇರೆಡೆ ಬಾಗಿಲಿರುತ್ತದೆ, ಆದರೆ ನೂರಾರು ಮಂದಿ ಒಮ್ಮೆಗೇ ಬೀದಿಗೆ ಬಂದಿರುವುದರಿಂದ ಆ ಬಾಗಿಲಲ್ಲಿ ಸಾಲು ಉದ್ದವಿರುತ್ತದೆ. ವಿರಳ ಮಾದರಿಯ ಜೆಟ್ ಹಾರಿಸಿದವನಿಗೆ ಸಾಲು ಚಿಕ್ಕದು, ಬಾಗಿಲುಗಳೂ ಕೆಲವೇ.

ಹೀಗೆ ನೋಡಿದಾಗ ಯಾವ ದಾರಿ ಮೇಲು ಎಂಬುದಕ್ಕಿಂತ ಯಾವುದು ಮೊದಲು, ಎಂಥ ಸಂಸ್ಥೆಯಲ್ಲಿ ಎಂಬ ಪ್ರಶ್ನೆ ಹೆಚ್ಚು ಉಪಯುಕ್ತವೆಂದು ನನಗೆ ತೋರುತ್ತದೆ. ಸಾಲ ಮಾಡಿ ಕಲಿತ ಇನ್ನೂರು ಗಂಟೆಯ ಪೈಲಟ್‌ಗೆ ಮೊದಲ ಕೆಲವು ವರ್ಷ ಏರ್‌ಲೈನ್‌ನ ಶಿಸ್ತು ಮತ್ತು ನಿಯತ ಸಂಬಳ ಹೆಚ್ಚು ನೆರವಾಗಬಹುದು. ಕಾರ್ಪೊರೇಟ್ ಹಾರಾಟ ಕೇಳುವ ಸ್ವತಂತ್ರ ವಿವೇಚನೆ ಅನುಭವದಿಂದ ಬರುವಂಥದು. ಆ ದಾರಿ ಹತ್ತು ವರ್ಷದ ನಂತರವೂ ತೆರೆದಿರುತ್ತದೆ, ಆಗ ಬೇಡವೆನ್ನುವ ಧೈರ್ಯವೂ ಬಲಿತಿರುತ್ತದೆ. ಇವೆರಡರ ನಡುವೆ ಇನ್ನೊಂದು ಮಾರ್ಗವನ್ನು ಮೈಸೂರೇ ತೋರಿಸುತ್ತದೆ. ಮಂಡಕಳ್ಳಿಯ ರನ್‌ವೇ ಉದ್ದ 1740 ಮೀಟರ್. ಎ320ಗಳ ನಿತ್ಯದ ಓಡಾಟಕ್ಕೆ ಅದು ಸಾಲದ ಕಾರಣ ಅಲ್ಲಿ ಹಾರಾಡಿದವು ಪ್ರೊಪೆಲ್ಲರ್‌ನ ಚಿಕ್ಕ ಎಟಿಆರ್ ವಿಮಾನಗಳು. ಚಿಕ್ಕ ಊರುಗಳಿಗೆ ಹಾರುವ ಈ ಪ್ರಾದೇಶಿಕ ಸೇವೆಯಲ್ಲಿ ಏರ್‌ಲೈನ್‌ನ ರೋಸ್ಟರ್ ಮತ್ತು ತರಬೇತಿಯೂ ಇದೆ, ಚಿಕ್ಕ ರನ್‌ವೇ ಕಲಿಸುವ ಕೈಚಳಕವೂ ಇದೆ. ದೊಡ್ಡ ಜೆಟ್‌ನ ಆಸೆಯಲ್ಲಿ ಎಟಿಆರ್ ಅವಕಾಶವನ್ನು ಕೀಳೆಂದು ಬಿಡುವುದು ಜಾಣತನವಲ್ಲ.

ಇದು ಎಲ್ಲರಿಗೂ ಒಪ್ಪುವ ಸೂತ್ರವಲ್ಲ. ಏರ್‌ಲೈನ್ ನೇಮಕಾತಿ ನಿಂತ ವರ್ಷದಲ್ಲಿ ಒಳ್ಳೆಯ ಚಾರ್ಟರ್ ಸಂಸ್ಥೆ ಕರೆದರೆ ಹೋಗುವುದೇ ಸರಿ, ಹಾರದೆ ಕೂತ ಪೈಲಟ್‌ನ ಕೌಶಲ ಬೇಗ ಮಾಸುತ್ತದೆ. ಯಾವ ಕಡೆ ಹೋದರೂ ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳು ಒಂದೇ. ಸಂಬಳ ಕಳೆದ ವರ್ಷ ತಪ್ಪದೆ ಬಂದಿದೆಯೇ? ಸಿಮ್ಯುಲೇಟರ್ ತರಬೇತಿ ಎಷ್ಟು ತಿಂಗಳಿಗೊಮ್ಮೆ? ಅವಧಿಗೆ ಮೊದಲೇ ಕೆಲಸ ಬಿಟ್ಟರೆ ಕಟ್ಟಬೇಕಾದ ಬಾಂಡ್ ಮೊತ್ತ ಎಷ್ಟು? ಹವಾಮಾನ ಕೆಟ್ಟಿದೆಯೆಂದು ಹಾರಾಟ ನಿಲ್ಲಿಸಿದ ಪೈಲಟ್‌ಗೆ ಅಲ್ಲಿ ಏನಾಯಿತು? ಕೊನೆಯ ಪ್ರಶ್ನೆಗೆ ಆ ಸಂಸ್ಥೆಯಲ್ಲಿ ಈಗಾಗಲೇ ಹಾರುತ್ತಿರುವವರಿಂದ ನೇರ ಉತ್ತರ ಸಿಕ್ಕರೆ, ಅದು ಏರ್‌ಲೈನೇ ಇರಲಿ, ಒಂದೇ ವಿಮಾನದ ಸಂಸ್ಥೆಯೇ ಇರಲಿ, ಮಕ್ಕಳನ್ನು ನಂಬಿಕೆಯಿಂದ ಕಳಿಸಬಹುದು. ಉತ್ತರ ತಡವರಿಸಿದರೆ ಸಂಬಳ ಎಷ್ಟೇ ದೊಡ್ಡದಿದ್ದರೂ ಇನ್ನೊಂದು ಅವಕಾಶಕ್ಕೆ ಕಾಯುವುದು ಮೇಲು.