ಓದಿಗೂ ನ್ಯಾಯದ ಬೆಲೆ

ಲೇಖಕರು ತಮ್ಮ ಬರಹ ಓದಬೇಕಾದದ್ದು ದುಡಿಯುವವರೇ ಒಡೆಯರಾದ ಕಾಫಿ ಅಂಗಡಿಯಲ್ಲಿ. ಅದಕ್ಕೆ ಬಾದಾಮಿ ಸೀಮೆಯ ಕೆರೂರಿನಂಥ ನೇಕಾರರ ಊರು ಹೇಳಿ ಮಾಡಿಸಿದ ಜಾಗ. ದುಡಿಯುವವರೇ ಅಂಗಡಿ ನಡೆಸುವುದು ಆಗದ ಮಾತೇನಲ್ಲ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ ನೌಕರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿ, ಇಂಡಿಯನ್ ಕಾಫಿ ಹೌಸನ್ನು ತಾವೇ ನಡೆಸಿದರು. ಬರಹಗಾರರು ಗಂಟೆಗಟ್ಟಲೆ ಕೂತು ಹರಟಿದ್ದೂ ಅಲ್ಲೇ. ಬೆಳೆದವರಿಗೂ ಬಡಿಸಿದವರಿಗೂ ಸರಿಯಾದ ಬೆಲೆ ಎಂಬ ನ್ಯಾಯಯುತ ವ್ಯಾಪಾರದ ತತ್ವವನ್ನು ಈ ಸೀಮೆಯ ನೇಕಾರರಿಗೆ ಬಿಡಿಸಿ ಹೇಳಬೇಕಿಲ್ಲ. ಇಳಕಲ್ ಸೀರೆಯ ಒಡಲಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ಕೈಗೆ ಸಿಗುವ ಕೂಲಿಗೂ ಅಂಗಡಿಯ ಬೆಲೆಗೂ ಇರುವ ಅಂತರ ಅವರಿಗೆ ಗೊತ್ತು. ದಿನವಿಡೀ ಮಗ್ಗದಲ್ಲಿ ದಣಿದವರು ಕತೆ ಕೇಳಲು ಬಂದಾರೆಯೇ ಎಂಬ ಆಕ್ಷೇಪವುಂಟು. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಟಿಕೀಟು ಕೊಂಡು ಕಂಪನಿ ನಾಟಕ ನೋಡುವ ಜನರೇ ಅದಕ್ಕೆ ಉತ್ತರ. ನಾಟಕದ ರಂಜನೆ ಓದಿಗಿಲ್ಲ ಎಂಬುದು ನಿಜ. ಆದರೆ ಮಠಗಳಲ್ಲಿ ಪುರಾಣ ಪ್ರವಚನವನ್ನು ದಿನಗಟ್ಟಲೆ ಕೇಳುವ ರೂಢಿಯೂ ಇಲ್ಲಿಯದೇ. ಕೇಳುವ ಕಿವಿಗಳಿವೆ, ಕರೆಯುವವರು ಬೇಕು. ನೇಕಾರರ ಸಂಘವೊಂದು ನ್ಯಾಯದ ಬೆಲೆಗೆ ಕೊಂಡ ಕಾಫಿಯ ಅಂಗಡಿ ತೆರೆದು, ಸಂಜೆ ನಾಲ್ಕು ಬೆಂಚು ಹಾಕಿ, ಲೇಖಕರಿಗೆ ಸಂಭಾವನೆ ಕೊಟ್ಟು, ಪುಸ್ತಕ ಮಾರಾಟಕ್ಕಿಟ್ಟರೆ ಬೆಳೆಗಾರ, ನೇಕಾರ, ಬರಹಗಾರ ಮೂವರ ದುಡಿಮೆಗೂ ಒಂದೇ ಕಡೆ ಬೆಲೆ ಬರುತ್ತದೆ.