ಕಡತಕ್ಕೆ ಕಾಣದ ಮೂರನೇ ಕಿಡ್ನಿ

ನನ್ನ ಚಿಕ್ಕಪ್ಪನ ಮಗನಿಗೆ ಕಿಡ್ನಿ ಕಸಿಯಾಗಿ ಆರು ವರ್ಷ ಕಳೆದಿದೆ. ಕಿಡ್ನಿ ಕೊಟ್ಟವರು ಅವನ ತಾಯಿ, ನಮ್ಮ ಚಿಕ್ಕಮ್ಮ. ಕಳೆದ ಮಳೆಗಾಲದಲ್ಲಿ ಊರಿಗೆ ಬಂದವನಿಗೆ ಜ್ವರ, ಕೆಮ್ಮು ಹತ್ತಿಕೊಂಡಿತು. ರಾತ್ರಿ ಹತ್ತರ ಹೊತ್ತಿಗೆ ಪೇಟೆಯ ಆಸ್ಪತ್ರೆಗೆ ಕರೆದೊಯ್ದೆವು. ಡ್ಯೂಟಿಯಲ್ಲಿದ್ದ ಕಿರಿಯ ವೈದ್ಯರು ಹಳೆಯ ಕಾಗದ ಕೇಳಿದರು. ಕೈಗೆ ಸಿಕ್ಕಿದ್ದು, ಎರಡು ವರ್ಷದ ಹಿಂದೆ ಅವನು ಬೈಕಿನಿಂದ ಬಿದ್ದು ಮೊಣಕೈ ಮುರಿದುಕೊಂಡಾಗ ಬೇರೊಂದು ಆಸ್ಪತ್ರೆ ಕೊಟ್ಟಿದ್ದ ಡಿಸ್ಚಾರ್ಜ್ ಸಮ್ಮರಿ. ಡಯಾಗ್ನೋಸಿಸ್ ಎಂಬಲ್ಲಿ ಮೂಳೆ ಮುರಿತದ ಕೆಳಗೆ ‘ಸಿಕೆಡಿ (ದೀರ್ಘಕಾಲದ ಕಿಡ್ನಿ ಕಾಯಿಲೆ) ಐದನೇ ಹಂತ, ಬಿಪಿ’ ಎಂದಷ್ಟೇ ಇತ್ತು.

‘ಡಯಾಲಿಸಿಸ್ ವಾರಕ್ಕೆ ಎಷ್ಟು ಸಲ?’ ಎಂದು ವೈದ್ಯರು ಕೇಳಿದರು.

‘ಡಯಾಲಿಸಿಸ್ ಇಲ್ಲ ಸಾರ್. ನನ್ನದೇ ಕಿಡ್ನಿ ಹಾಕಿದ್ದಾರೆ’ ಎಂದರು ಚಿಕ್ಕಮ್ಮ. ಬ್ಯಾಗಿನಿಂದ ಮಾತ್ರೆಯ ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಟಾಕ್ರೋಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್: ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಮಾತ್ರೆಗಳು. ವೈದ್ಯರು ಅಷ್ಟರಲ್ಲಾಗಲೇ ಚೀಟಿಯಲ್ಲಿ ಕ್ಲಾರಿಥ್ರೊಮೈಸಿನ್ ಬರೆದಿದ್ದರು. ಕೆಮ್ಮು ಜ್ವರಕ್ಕೆ ಎಲ್ಲರಿಗೂ ಕೊಡುವ ಔಷಧವೇ ಅದು. ಆದರೆ ಟಾಕ್ರೋಲಿಮಸ್ ನುಂಗುವವರಲ್ಲಿ ಅದು ರಕ್ತದಲ್ಲಿನ ಟಾಕ್ರೋಲಿಮಸ್ ಮಟ್ಟವನ್ನು ಏರಿಸಿಬಿಡುತ್ತದೆ. ಉಳಿಸಬೇಕಾದ ಕಿಡ್ನಿಗೇ ವಿಷವಾಗುತ್ತದೆ. ಅವರು ಅದನ್ನು ಹೊಡೆದು ಹಾಕಿ, ಕಸಿ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ ಬೇರೆ ಬರೆದರು. ಆ ರಾತ್ರಿಯಲ್ಲಿ ಅಷ್ಟು ತಾಳ್ಮೆ ತೋರಿದ ಆ ವೈದ್ಯರಿಗೆ ನಮ್ಮ ಮನೆ ಋಣಿ.

ಬೆಳಿಗ್ಗೆ ಸ್ಕ್ಯಾನಿಂಗ್ ಆಯಿತು. ‘ಎರಡೂ ಮೂತ್ರಪಿಂಡಗಳು ಕುಗ್ಗಿವೆ’ ಎಂದು ವರದಿ ಬಂತು. ಸುಳ್ಳೇನಲ್ಲ. ಕಸಿ ಮಾಡುವಾಗ ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಹೊಸದನ್ನು ಕೆಳಹೊಟ್ಟೆಯ ಒಂದು ಪಕ್ಕಕ್ಕೆ ಕೂರಿಸುತ್ತಾರೆ. ಕೆಲಸ ಮಾಡುತ್ತಿರುವ ಆ ಮೂರನೆಯದನ್ನು ಯಾರೂ ನೋಡಿರಲಿಲ್ಲ. ವಾರ್ಡಿನಿಂದ ಹೋದ ಚೀಟಿಯಲ್ಲಿ ಯಾರೋ ಹಳೆಯ ಸಮ್ಮರಿಯ ಸಾಲನ್ನೇ ಇಳಿಸಿದ್ದರು.

ಒಂದು ಸಾಲು ತಪ್ಪಿದರೆ ಅದು ಕಡತದಿಂದ ಕಡತಕ್ಕೆ ನಡೆದುಕೊಂಡು ಹೋಗುತ್ತದೆ. ಕಸಿಯಾದವರ ಮಟ್ಟಿಗೆ ಈ ಸಾಲನ್ನು ಹೇಗೆ ಬರೆಯಬೇಕು ಎಂಬುದು ಗುಮಾಸ್ತಿಕೆಯ ವಿಷಯವಲ್ಲ, ಚಿಕಿತ್ಸೆಯ ವಿಷಯ ಎಂದು ನನಗೆ ಅಂದಿನಿಂದ ಬಲವಾಗಿ ಅನಿಸಿದೆ.

ಕಾಯಿಲೆಗಳನ್ನು ಜಗತ್ತಿನೆಲ್ಲೆಡೆ ಒಂದೇ ಬಗೆಯಲ್ಲಿ ದಾಖಲಿಸಲು ಐಸಿಡಿ ಎಂಬ ಪಟ್ಟಿ ಇದೆ. 1893ರಲ್ಲಿ ಫ್ರಾನ್ಸಿನ ಜಾಕ್ ಬರ್ಟಿಯೋ ಮುಂದಿಟ್ಟ ಸಾವಿನ ಕಾರಣಗಳ ಪಟ್ಟಿ ಬೆಳೆದು ಬೆಳೆದು ಆದದ್ದು ಇದು. ಈಗ ವಿಶ್ವ ಆರೋಗ್ಯ ಸಂಸ್ಥೆಯ ಕೈಯಲ್ಲಿದೆ. ಹನ್ನೊಂದನೇ ಪರಿಷ್ಕರಣೆ 2022ರ ಜನವರಿಯಿಂದ ಜಾರಿಯಲ್ಲಿದ್ದರೂ ನಮ್ಮ ಆಸ್ಪತ್ರೆಗಳ ನಿತ್ಯದ ವ್ಯವಹಾರ ಇನ್ನೂ ಹತ್ತನೆಯದರಲ್ಲೇ. ಆರೋಗ್ಯ ವಿಮೆಯ ಕ್ಲೇಮ್ ಫಾರಂನಲ್ಲಿ ಆಸ್ಪತ್ರೆ ತುಂಬುವ ಭಾಗದಲ್ಲಿ ಐಸಿಡಿ-10 ಕೋಡಿಗೆಂದೇ ಚೌಕಗಳಿವೆ.

ಕಸಿಯ ವಿಚಾರದಲ್ಲಿ ಈ ಪಟ್ಟಿ ಒಂದು ಸೂಕ್ಷ್ಮವನ್ನು ಕಾಪಾಡಿಕೊಂಡಿದೆ. ಝಡ್ 94.0 ಎಂದರೆ ‘ಈ ದೇಹದಲ್ಲಿ ಕಸಿ ಮಾಡಿದ ಕಿಡ್ನಿ ಇದೆ’ ಎಂದಷ್ಟೇ ಅರ್ಥ. ಅದು ರೋಗವಲ್ಲ, ಸ್ಥಿತಿ. ಟಿ 86.1 ಎಂದರೆ ಆ ಕಿಡ್ನಿಗೇ ಪೆಟ್ಟು ಬಿದ್ದಿದೆ, ದೇಹ ಅದನ್ನು ತಿರಸ್ಕರಿಸುತ್ತಿದೆ ಅಥವಾ ಅದು ಸೋತಿದೆ ಎಂದು. ಎನ್ 18 ದೀರ್ಘಕಾಲದ ಕಿಡ್ನಿ ಕಾಯಿಲೆ. ಅದರ ಮುಂದಿನ ಅಂಕಿ ಹಂತವನ್ನು ಹೇಳುತ್ತದೆ. ಕಸಿಯಾದ ಕಿಡ್ನಿ ಪೂರ್ತಿ ಶಕ್ತಿಯಲ್ಲಿ ಕೆಲಸ ಮಾಡಲೇಬೇಕೆಂದಿಲ್ಲ. ಎಷ್ಟೋ ಜನ ಮೂರನೇ ಹಂತದ ಕಾರ್ಯಶಕ್ತಿಯಲ್ಲೇ ವರ್ಷಗಟ್ಟಲೆ ನೆಮ್ಮದಿಯಾಗಿರುತ್ತಾರೆ. ಅಂಥವರಿಗೆ ಝಡ್ 94.0 ಜೊತೆಗೆ ಎನ್ 18.3 ಬರೆಯಬೇಕೇ ಹೊರತು ಟಿ 86.1 ಅಲ್ಲ. ಹಂತ ಇದೆ ಎಂದ ಮಾತ್ರಕ್ಕೆ ಕಸಿ ಕೆಟ್ಟಿದೆ ಎಂದಾಗುವುದಿಲ್ಲ ಎಂದು ಅಮೆರಿಕದ ಕೋಡಿಂಗ್ ಮಾರ್ಗಸೂಚಿ ಬಿಡಿಸಿಯೇ ಹೇಳಿದೆ. ವೈದ್ಯರು ಬರೆದದ್ದು ಅಸ್ಪಷ್ಟವಾಗಿದ್ದರೆ ಕೋಡ್ ಹಾಕುವವರು ಊಹಿಸಬಾರದು, ವೈದ್ಯರನ್ನೇ ಕೇಳಬೇಕು ಎಂದೂ ಅದರಲ್ಲಿದೆ. ಕಿಡ್ನಿ ತಜ್ಞರು ತಮ್ಮೊಳಗೆ ಇದಕ್ಕೆ ಇನ್ನೂ ಸರಳ ದಾರಿ ಮಾಡಿಕೊಂಡಿದ್ದಾರೆ. ಹಂತದ ಅಂಕಿಯ ಮುಂದೆ ‘ಟಿ’ ಎಂಬ ಒಂದು ಅಕ್ಷರ ಸೇರಿಸುತ್ತಾರೆ. ‘3ಟಿ’ ಎಂದರೆ ಕಸಿಯಾದ ಕಿಡ್ನಿ, ಮೂರನೇ ಹಂತ.

ನಮ್ಮ ಕಡತಗಳಲ್ಲಿ ಆಗುತ್ತಿರುವುದೇನು? ಕಸಿಗೆ ಮುಂಚೆ ಅಂಟಿದ ‘ಐದನೇ ಹಂತ’ ಎಂಬ ಚೀಟಿ ಕಸಿಯಾದ ಮೇಲೂ ಬಿಡುವುದಿಲ್ಲ. ಕಿಡ್ನಿ ಚೆನ್ನಾಗಿ ದುಡಿಯುತ್ತಿದ್ದು ಕ್ರಿಯಾಟಿನಿನ್ 1.2 ಇರುವವನ ಕಾಗದದಲ್ಲೂ ಐದನೇ ಹಂತ. ಅದನ್ನು ನಂಬಿದ ವೈದ್ಯರು ಆ್ಯಂಟಿಬಯಾಟಿಕ್‌ನ ಪ್ರಮಾಣ ಅರ್ಧಕ್ಕಿಳಿಸುತ್ತಾರೆ, ಸೋಂಕು ಉಳಿದುಕೊಳ್ಳುತ್ತದೆ. ಇನ್ನೊಂದು ಕಡತದಲ್ಲಿ ಕಿಡ್ನಿಯ ಮಾತೇ ಇರುವುದಿಲ್ಲ, ಕಸಿಯಾಗಿ ‘ಗುಣವಾಗಿದೆ’ಯಲ್ಲ. ಆ ಮನುಷ್ಯ ಬೆನ್ನುನೋವೆಂದು ಹೋದರೆ ಕಿಡ್ನಿಗೆ ಕೆಡುಕು ಮಾಡುವ ಡೈಕ್ಲೊಫಿನಾಕ್ ಕೊಟ್ಟು ಕಳಿಸುತ್ತಾರೆ. ಕ್ಷಯ ಬಂದವನ ಕಥೆ ಇನ್ನೂ ಕಷ್ಟ. ರೋಗನಿರೋಧಕ ಶಕ್ತಿ ತಗ್ಗಿಸಿಕೊಂಡ ದೇಹಕ್ಕೆ ನಮ್ಮ ದೇಶದಲ್ಲಿ ಕ್ಷಯ ಬೇಗ ತಗಲುತ್ತದೆ. ಅದಕ್ಕೆ ಕೊಡುವ ರಿಫಾಂಪಿಸಿನ್ ಟಾಕ್ರೋಲಿಮಸ್ಸನ್ನು ರಕ್ತದಿಂದ ಬಹುಬೇಗ ಖಾಲಿ ಮಾಡುತ್ತದೆ. ಕ್ಷಯ ವಾಸಿಯಾಗುವುದರೊಳಗೆ ದೇಹ ಕಿಡ್ನಿಯನ್ನು ತಿರಸ್ಕರಿಸತೊಡಗಬಹುದು. ಈ ಮೂರೂ ಅನಾಹುತಕ್ಕೆ ದೊಡ್ಡ ತಪ್ಪೇನೂ ಬೇಕಿಲ್ಲ. ಒಂದು ಸಾಲು ಇಲ್ಲದಿದ್ದರೆ ಸಾಕು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಬೆಂಗಳೂರಿನ ಐಟಿ ಪಾರ್ಕುಗಳಲ್ಲಿ ಮೆಡಿಕಲ್ ಕೋಡಿಂಗ್ ಎಂಬ ಉದ್ಯೋಗ ವರ್ಷಗಳಿಂದ ಬೇರೂರಿದೆ. ಲೈಫ್ ಸೈನ್ಸ್, ನರ್ಸಿಂಗ್, ಫಾರ್ಮಸಿ ಓದಿದ ನಮ್ಮ ಹುಡುಗ ಹುಡುಗಿಯರು ಪರೀಕ್ಷೆ ಕಟ್ಟಿ, ಪ್ರಮಾಣಪತ್ರ ಪಡೆದು, ಅಮೆರಿಕದ ಆಸ್ಪತ್ರೆಗಳ ಕಡತ ಓದಿ ಕೋಡ್ ಹಾಕುತ್ತಾರೆ. ಅಮೆರಿಕ ತನ್ನ ಬಳಕೆಗೆಂದು ಟಿ 86.1 ಅನ್ನು ಇನ್ನೂ ಬಿಡಿಸಿಕೊಂಡಿದೆ: ತಿರಸ್ಕಾರಕ್ಕೆ ಟಿ 86.11, ವೈಫಲ್ಯಕ್ಕೆ ಟಿ 86.12, ಸೋಂಕಿಗೆ ಟಿ 86.13. ಮಂಡ್ಯದಿಂದಲೋ ಹಾಸನದಿಂದಲೋ ಬಂದು ಪಿಜಿಯಲ್ಲಿದ್ದುಕೊಂಡು ದುಡಿಯುವ ಹೆಣ್ಣುಮಗಳೊಬ್ಬಳು ಟೆಕ್ಸಾಸಿನ ಯಾರದೋ ಕಿಡ್ನಿ ಸೋತಿದೆಯೋ ಸೋಂಕಿಗೆ ನರಳುತ್ತಿದೆಯೋ ಎಂದು ತಿಳಿಯಲು ಅಲ್ಲಿನ ವೈದ್ಯರಿಗೆ ಪ್ರಶ್ನೆ ಕಳಿಸುವಂತೆ ಟಿಪ್ಪಣಿ ಹಾಕುತ್ತಾಳೆ. ಅದೇ ಹುಡುಗಿಯ ಸೋದರಮಾವನಿಗೆ ಕಸಿಯಾಗಿದ್ದರೆ ಊರಿನ ಆಸ್ಪತ್ರೆಯಲ್ಲಿ ಅವನ ಕಡತಕ್ಕೆ ಆ ಪ್ರಶ್ನೆ ಕೇಳುವವರಿಲ್ಲ. ವಿದ್ಯೆ ನಮ್ಮಲ್ಲೇ ಇದೆ. ಅದನ್ನು ನಮ್ಮವರಿಗೆ ಬಳಸುವ ಏರ್ಪಾಡು ಇಲ್ಲ.

ಅಲ್ಲಿ ಕೋಡ್ ಇಷ್ಟು ಕಟ್ಟುನಿಟ್ಟಾಗಿರುವುದು ಅದರ ಹಿಂದೆ ಹಣ ಇರುವುದರಿಂದ. ಬಿಲ್ಲು ಕೋಡಿನ ಮೇಲೆ ನಿಂತಿದೆ. ಹಾಗಾಗಿ ರೋಗಿಯನ್ನು ಇದ್ದದ್ದಕ್ಕಿಂತ ಹೆಚ್ಚು ಕಾಯಿಲೆಯವನಂತೆ ತೋರಿಸುವ ಆಸೆಯೂ ಅಲ್ಲಿ ಹುಟ್ಟುತ್ತದೆ. ಆ ವ್ಯವಸ್ಥೆಯನ್ನೇ ಎತ್ತಿ ತನ್ನಿ ಎಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಹಣ ಬರುವುದು ಪ್ಯಾಕೇಜಿನ ಲೆಕ್ಕದಲ್ಲಿ, ಯಾವ ಚಿಕಿತ್ಸೆ ಮಾಡಿದರು ಎಂಬುದರ ಮೇಲೆ. ಹೀಗಾಗಿ ಯಾವ ರೋಗಿಗೆ ಮಾಡಿದರು, ಅವನ ದೇಹದಲ್ಲಿ ಮತ್ತೇನಿದೆ ಎಂದು ನಿಖರವಾಗಿ ಬರೆಯಲು ಆಸ್ಪತ್ರೆಗೆ ಒತ್ತಾಯವಿಲ್ಲ. ಒತ್ತಾಯವಿಲ್ಲದ್ದನ್ನು ಬಿಡುವಿಲ್ಲದವರು ಬರೆಯುವುದಿಲ್ಲ. ಒಂದೇ ಪಾಳಿಯಲ್ಲಿ ಹತ್ತಾರು ರೋಗಿಗಳನ್ನು ನೋಡುವ ಹೌಸ್ ಸರ್ಜನ್ ಮೇಲೆ ಇದರ ತಪ್ಪು ಹೊರಿಸುವುದು ನ್ಯಾಯವಲ್ಲ.

ದೊಡ್ಡ ಆಸ್ಪತ್ರೆಗಳಲ್ಲಿ ಎಂಆರ್‌ಡಿ ಎಂಬ ವಿಭಾಗವಿರುತ್ತದೆ, ವೈದ್ಯಕೀಯ ದಾಖಲೆಗಳ ಕೋಣೆ. ಬಹುಪಾಲು ನೆಲಮಾಳಿಗೆಯಲ್ಲೋ ಕಾರಿಡಾರಿನ ಕೊನೆಯಲ್ಲೋ. ಕೇಸ್ ಶೀಟುಗಳು ಅಲ್ಲಿಗೆ ಬಂದು ಬೀಳುತ್ತವೆ. ಅಲ್ಲಿ ಕೂತು ಕೋಡ್ ಹಾಕುವವರಿಗೆ ಕ್ರಿಯಾಟಿನಿನ್ ಏರಿದ್ದು ಕಾಣುತ್ತದೆ, ಬಯಾಪ್ಸಿ ವರದಿಯೂ ಕಾಣುತ್ತದೆ. ಆದರೆ ವರದಿ ನೋಡಿ ‘ತಿರಸ್ಕಾರ’ ಎಂದು ತಾವೇ ತೀರ್ಮಾನಿಸುವ ಹಕ್ಕು ಅವರಿಗಿಲ್ಲ. ಇರಲೂಬಾರದು, ಅದು ವೈದ್ಯರ ಮಾತು. ಅವರಿಗೆ ಇರಬೇಕಾದದ್ದು ಮೇಲಿನ ಮಹಡಿಗೆ ಹೋಗಿ ‘ಡಾಕ್ಟರೇ, ಇದನ್ನು ಸ್ಪಷ್ಟವಾಗಿ ಬರೆದುಕೊಡಿ’ ಎಂದು ಕೇಳುವ ಅಧಿಕಾರ. ಪ್ರೊಫೆಸರರ ಎದುರು ದಾಖಲೆ ಕೋಣೆಯ ನೌಕರರು ಹಾಗೆ ನಿಂತು ಕೇಳುವ ವಾತಾವರಣ ನಮ್ಮ ಎಷ್ಟು ಆಸ್ಪತ್ರೆಗಳಲ್ಲಿದೆ?

ಕೋಡ್ ಸರಿಯಾಗಿ ಬಿದ್ದರೂ ಒಂದು ತೊಡಕು ಉಳಿಯುತ್ತದೆ. ನಾವು ಬಳಸುವ ಮೂಲ ಐಸಿಡಿ-10ರಲ್ಲಿ ತಿರಸ್ಕಾರ ಮತ್ತು ವೈಫಲ್ಯ ಎರಡೂ ಟಿ 86.1 ಎಂಬ ಒಂದೇ ಖಾನೆಯಲ್ಲಿವೆ. ರೋಗಿಯ ಮನೆಯವರಿಗೆ ಇವು ಒಂದೇ ಅಲ್ಲ. ತಿರಸ್ಕಾರವನ್ನು ಬೇಗ ಹಿಡಿದರೆ ಸ್ಟಿರಾಯ್ಡ್ ಕೊಟ್ಟು ಕಿಡ್ನಿ ಉಳಿಸಬಹುದು. ವೈಫಲ್ಯವೆಂದರೆ ಮತ್ತೆ ಡಯಾಲಿಸಿಸ್ ಕುರ್ಚಿ. ಜರ್ಮನಿಯವರು ತಮ್ಮ ಆವೃತ್ತಿಯಲ್ಲಿ ಇದನ್ನು ಬೇರೆ ಬಗೆಯಲ್ಲಿ ಒಡೆದಿದ್ದಾರೆ: ಕಿಡ್ನಿಯ ಕೆಲಸ ಹಠಾತ್ತನೆ ಕುಸಿದದ್ದು, ನಿಧಾನಕ್ಕೆ ಕುಸಿದದ್ದು, ಕಸಿಯಾದ ಮೇಲೆ ಕೆಲಸ ಶುರುವಾಗಲು ತಡವಾದದ್ದು. ನಾವೂ ಒಂದು ಐದನೇ ಅಂಕಿಯನ್ನು ಸೇರಿಸಿಕೊಳ್ಳಲು ಅಡ್ಡಿಯೇನಿಲ್ಲ. ಹನ್ನೊಂದನೇ ಪರಿಷ್ಕರಣೆಗೆ ಹೋದರೆ ಒಂದು ಕೋಡಿಗೆ ಇನ್ನೊಂದನ್ನು ಪೋಣಿಸುವ ಅನುಕೂಲವೂ ಇದೆ. ಆದರೆ ಇರುವ ಹತ್ತನೆಯದನ್ನೇ ನೆಟ್ಟಗೆ ಬರೆಯದವರಿಗೆ ಹನ್ನೊಂದು ಬಂದು ಮಾಡುವುದೇನು?

ನಮ್ಮ ದೇಶದಲ್ಲಿ 2023ರಲ್ಲಿ 13 ಸಾವಿರಕ್ಕೂ ಹೆಚ್ಚು ಕಿಡ್ನಿ ಕಸಿಗಳಾದವು. ಅವುಗಳಲ್ಲಿ 11 ಸಾವಿರಕ್ಕೂ ಹೆಚ್ಚು ಕಿಡ್ನಿಗಳು ಬದುಕಿರುವವರೇ ಕೊಟ್ಟವು. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಕೊಡುವವರು ಯಾರು, ಪಡೆಯುವವರು ಯಾರು, ಅವರ ಸಂಬಂಧವೇನು ಎಂದು ನೂರು ಕಾಗದ ಕೇಳುತ್ತೇವೆ. ಕೇಳಬೇಕಾದದ್ದೇ, ಕಿಡ್ನಿ ಮಾರಾಟದ ಜಾಲಗಳನ್ನು ಕಂಡ ನಾಡು ಇದು. ಆದರೆ ಆಪರೇಷನ್ ಥಿಯೇಟರಿನ ಬಾಗಿಲವರೆಗೆ ಇರುವ ಈ ಎಚ್ಚರ ಬಾಗಿಲು ದಾಟಿದ ಮೇಲೆ ಇರುವುದಿಲ್ಲ. ಐದು ವರ್ಷದ ನಂತರ ಆ ಕಿಡ್ನಿಗಳಲ್ಲಿ ಎಷ್ಟು ದುಡಿಯುತ್ತಿವೆ, ಎಷ್ಟನ್ನು ಸೋಂಕು ತಿಂದಿತು, ಎಷ್ಟು ಜನ ಮಾತ್ರೆಗೆ ಹಣವಿಲ್ಲದೆ ನಿಲ್ಲಿಸಿ ಕಳೆದುಕೊಂಡರು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದದ್ದು ಜಿಲ್ಲೆ ತಾಲ್ಲೂಕುಗಳ ಆಸ್ಪತ್ರೆಯ ಕಡತಗಳಿಂದ. ಏಕೆಂದರೆ ರೋಗಿಗಳು ಜ್ವರ ಬಂದಾಗ ಮೊದಲು ಹೋಗುವುದು ಅಲ್ಲಿಗೆ. ಸಾವಿನ ದಾಖಲೆಯಿಂದಲೂ ಉತ್ತರ ಸಿಗುವುದಿಲ್ಲ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣವನ್ನು ದೃಢೀಕರಿಸಿದ್ದು ಶೇ 22.5ರಷ್ಟು ಮಾತ್ರ. ಆ ಕಾರಣಗಳಲ್ಲೂ ‘ಹೃದಯ–ಉಸಿರಾಟ ಸ್ತಂಭನ’ ಎಂದು ಬರೆದು ಕೈತೊಳೆದುಕೊಳ್ಳುವ ಚಾಳಿ ಎಲ್ಲರಿಗೂ ಗೊತ್ತಿದೆ.

ಮಾಡಬೇಕಾದದ್ದು ಅಸಾಧ್ಯವೇನಲ್ಲ. ಕಸಿಯಾದ ವ್ಯಕ್ತಿ ಯಾವ ಕಾರಣಕ್ಕೆ ದಾಖಲಾದರೂ, ಕೈ ಮುರಿದೇ ಬರಲಿ, ಹೆರಿಗೆಗೇ ಬರಲಿ, ಡಿಸ್ಚಾರ್ಜ್ ಸಮ್ಮರಿಯ ಮೊದಲ ಸಾಲು ಹೀಗಿರಬೇಕು: ‘ಕಿಡ್ನಿ ಕಸಿಯಾಗಿದೆ, ಇಂಥ ವರ್ಷ, ಇಂಥ ಪಕ್ಕ, ಈಗ ಕೆಲಸ ಮಾಡುತ್ತಿದೆ, ಕ್ರಿಯಾಟಿನಿನ್ ಇಷ್ಟು, ಈ ಮಾತ್ರೆಗಳು’. ಇದಿದ್ದರೆ ಕೋಡ್ ತಾನಾಗಿಯೇ ಸರಿ ಬೀಳುತ್ತದೆ. ರಾಜ್ಯದ ಯೋಜನೆಗಳ ಕ್ಲೇಮುಗಳನ್ನು ನೋಡಿಕೊಳ್ಳುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್, ತಾನೇ ಹಣ ಕೊಟ್ಟು ಕಸಿ ಮಾಡಿಸಿದ ಫಲಾನುಭವಿಯ ಮುಂದಿನ ಯಾವ ಕ್ಲೇಮಿನಲ್ಲಾದರೂ ಝಡ್ 94.0 ಅಥವಾ ಟಿ 86.1 ಇಲ್ಲದಿದ್ದರೆ ಅದನ್ನು ತಿದ್ದಿಸಲು ವಾಪಸು ಕಳಿಸಬಹುದು. ಹಣ ತಡೆಯಬೇಕಿಲ್ಲ, ಕೇಳಿದರೆ ಸಾಕು. ಅಂಗಾಂಗ ಹಂಚಿಕೆಯನ್ನು ನೋಡಿಕೊಳ್ಳುವ ಜೀವಸಾರ್ಥಕತೆಯಂಥ ಸಂಸ್ಥೆ ಇರುವ ರಾಜ್ಯ ನಮ್ಮದು. ಅಂಗ ಹಂಚುವುದರಲ್ಲಿ ತೋರಿದ ಶಿಸ್ತನ್ನು ಹಂಚಿದ ಮೇಲಿನ ದಾಖಲೆಗೂ ವಿಸ್ತರಿಸಲು ಅದಕ್ಕಿಂತ ಯೋಗ್ಯರು ಯಾರು? ಈ ಮಾಹಿತಿ ಸೋರಿ ನೌಕರಿಗೋ ವಿಮೆಗೋ ಕುತ್ತಾಗದಂತೆ ಕಾಯುವುದೂ ಇದರ ಭಾಗವೇ. ಆ ಭಯಕ್ಕೆ ಬರೆಯದೇ ಬಿಡುವುದು ಮಾತ್ರ ಉತ್ತರವಲ್ಲ.

ಪಡೆದವರ ಮಾತಾಯಿತು. ಕೊಟ್ಟವರ ಕಡತ ಎಲ್ಲಿದೆ? ಕೊಡಲು ದಾಖಲಾದ ದಿನ ಅವರಿಗೆ ಝಡ್ 52.4, ಕಿಡ್ನಿ ದಾನಿ. ಆಮೇಲಿನ ಬದುಕಿಗೆಲ್ಲ ಝಡ್ 90.5, ಒಂದು ಕಿಡ್ನಿ ಇಲ್ಲ ಎಂದು. ಈ ಎರಡನೆಯ ಕೋಡನ್ನು ನಾನು ಯಾವ ದಾನಿಯ ಕಾಗದದಲ್ಲೂ ನೋಡಿಲ್ಲ. ಜೀವಂತ ದಾನಿಗಳಲ್ಲಿ ಹೆಚ್ಚಿನವರು ಅಮ್ಮಂದಿರು, ಹೆಂಡತಿಯರು. ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಬಂದ ಮೇಲೆ ಅವರು ಯಾವ ಆಸ್ಪತ್ರೆಗೂ ರೋಗಿಗಳಲ್ಲ. ಬಿಪಿ, ಸಕ್ಕರೆ ಬಂದರೆ ಉಳಿದ ಒಂದೇ ಕಿಡ್ನಿಯನ್ನು ಕಾಯಬೇಕಾದವರು ಅವರೇ.

ಜ್ವರ ಇಳಿದು ಮನೆಗೆ ಬಂದ ಮೇಲೆ ತಮ್ಮನ ಫೈಲಿನ ಮೊದಲ ಹಾಳೆಗೆ ನಾನೇ ಒಂದು ಬಿಳಿ ಕಾಗದ ಅಂಟಿಸಿ, ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಕಸಿಯ ವಿವರ ಬರೆದೆ. ಚಿಕ್ಕಮ್ಮ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಹೋಗಿ ತಮ್ಮ ಬಿಪಿ ಚೀಟಿ ತಂದರು. ಪ್ರಾಥಮಿಕ ಆರೋಗ್ಯ ಕೇಂದ್ರದ್ದು, ನಾಲ್ಕು ಮಡಿಕೆಯಾದದ್ದು. ತಿಂಗಳು ತಿಂಗಳಿನ ಬಿಪಿ ಅಂಕಿ, ಮಾತ್ರೆಯ ಹೆಸರು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ. ‘ಇದರಲ್ಲೂ ಬರೀಬೇಕೇನಪ್ಪಾ?’ ಎಂದು ಕೇಳಿದರು.